ಕೈ ನಿಧಾನವಾದಾಗ ಮಿದುಳಿನ ಬೀಟಾ ಅಲೆ ಏನು ಮಾಡುತ್ತಿರುತ್ತದೆ?

ನಮ್ಮ ಉತ್ತರ ಕನ್ನಡದ ಕಡೆ ಪಾರ್ಕಿನ್ಸನ್ ಅಂದಕೂಡಲೇ ಜನರ ಕಣ್ಮುಂದೆ ಬರುವುದು ನಡುಗುವ ಕೈ. ಕೈ ನಡುಗಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ನಡುಗದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಂಗಿಯ ಗುಂಡಿ ಹಾಕಲು ಎಷ್ಟೋ ಹೊತ್ತು ಹಿಡಿಯುತ್ತದೆ, ನಡೆಯುವಾಗ ಒಂದು ಕೈ ಬೀಸುವುದೇ ಇಲ್ಲ, ಮಾತು ಸಣ್ಣಗಾಗಿದೆ, ಮುಖದಲ್ಲಿ ಮೊದಲಿನ ನಗು ಕಾಣುತ್ತಿಲ್ಲ. ಇದಕ್ಕೆಲ್ಲ 'ವಯಸ್ಸಾಯ್ತಲ್ವಾ' ಅನ್ನುವ ಒಂದೇ ಉತ್ತರ. ಕೆಲವು ಮನೆಗಳಲ್ಲಿ 'ಆಲಸ್ಯ' ಅನ್ನುವ ಮಾತೂ ಬಂದುಬಿಡುತ್ತದೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ವ್ಯಕ್ತಿ ಬೇಕೆಂದು ನಿಧಾನ ಮಾಡುತ್ತಿಲ್ಲ. ಬೇಗ ಮಾಡಬೇಕೆಂದು ಮನಸ್ಸು ಹೊರಟರೂ ಕೈ ಹೊರಡುತ್ತಿಲ್ಲ.

ವೈದ್ಯರ ಲೆಕ್ಕದಲ್ಲೂ ನಿಧಾನವೇ ಮುಖ್ಯ. ಇವತ್ತು ಜಗತ್ತಿನಾದ್ಯಂತ ಬಳಕೆಯಲ್ಲಿರುವ ನಿಯಮದ ಪ್ರಕಾರ, ಚಲನೆ ನಿಧಾನವಾಗಿರುವುದು ಕಾಣದಿದ್ದರೆ ಪಾರ್ಕಿನ್ಸನ್ ಎಂದು ಹೇಳುವ ಹಾಗೇ ಇಲ್ಲ. ಅದರ ಜೊತೆ ನಡುಕ ಅಥವಾ ಬಿಗಿತ, ಎರಡರಲ್ಲಿ ಒಂದಿದ್ದರೂ ಸಾಕು. ಅಂದರೆ ನಡುಕವೇ ಇಲ್ಲದ ಪಾರ್ಕಿನ್ಸನ್ ಇದೆ, ಅದು ಅಪರೂಪವೂ ಅಲ್ಲ. ಈ ನಿಧಾನದ ಹಿಂದೆ ಮಿದುಳಿನಲ್ಲಿ ಏನು ನಡೆಯುತ್ತದೆ ಅನ್ನುವುದು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ನಿಧಾನಕ್ಕೆ ಬಿಡಿಸಿಕೊಳ್ಳುತ್ತಿದೆ. ಆ ಕಥೆಯ ನಡುವೆ ಇರುವುದು ಬೀಟಾ ಅಲೆ. 2025ರ ಫೆಬ್ರವರಿಯಲ್ಲಿ ಔಷಧ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ, ಮಿದುಳಿನೊಳಗಿನ ಇಂಥ ಅಲೆಯನ್ನು ಕೇಳುತ್ತಾ ತನ್ನಷ್ಟಕ್ಕೆ ಕರೆಂಟ್ ಹೆಚ್ಚು ಕಡಿಮೆ ಮಾಡಿಕೊಳ್ಳುವ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಪ್ರಯೋಗಾಲಯದ ವಿಷಯ ಈಗ ರೋಗಿಯ ಎದೆಯ ಚರ್ಮದ ಕೆಳಗೆ ಬಂದು ಕೂತಿದೆ. ಹಾಗಾಗಿ ಇದನ್ನು ನಾವೂ ತಿಳಿದುಕೊಳ್ಳುವ ಹೊತ್ತು ಬಂದಿದೆ.

ಮೊದಲು ಅಲೆ ಅಂದರೇನು ನೋಡೋಣ. ನರಕೋಶಗಳು ಪರಸ್ಪರ ಮಾತಾಡುವುದು ವಿದ್ಯುತ್ತಿನ ಸಣ್ಣ ಸಣ್ಣ ಮಿಡಿತಗಳಲ್ಲಿ. ಒಂದೊಂದು ಕೋಶದ ಮಿಡಿತ ತಲೆಬುರುಡೆಯ ಹೊರಗೆ ಇಟ್ಟ ತಂತಿಗೆ ತಲುಪುವುದೇ ಇಲ್ಲ. ಸಾವಿರಾರು ಕೋಶಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿದಾಗ ಮಾತ್ರ ಅದು ಅಲೆಯಾಗಿ ಕಾಣುತ್ತದೆ. ಕಾರವಾರದ ಕಡಲ ತೀರದಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಒಬ್ಬೊಬ್ಬರೂ ತಮಗೆ ತೋಚಿದಾಗ ಎಳೆದರೆ ಹಗ್ಗ ಅಲ್ಲಾಡುವುದಿಲ್ಲ. ಎಲ್ಲರೂ ಒಂದೇ ಹೊತ್ತಿಗೆ ಎಳೆದಾಗ ಬಲೆ ದಡಕ್ಕೆ ಬರುತ್ತದೆ.

ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲ ಬಾರಿ ದಾಖಲಿಸಿದರು. 1929ರಲ್ಲಿ ಅದನ್ನು ಪ್ರಕಟಿಸಿದರು. ಕಣ್ಣು ಮುಚ್ಚಿ ವಿರಾಮದಲ್ಲಿದ್ದಾಗ ಕಾಣುವ, ಸೆಕೆಂಡಿಗೆ ಸುಮಾರು ಹತ್ತು ಸಲ ಏರಿಳಿಯುವ ಅಲೆಗೆ ಆಲ್ಫಾ ಎಂದರು. ಅದಕ್ಕಿಂತ ವೇಗದ ಸಣ್ಣ ಅಲೆಗೆ ಬೀಟಾ ಎಂದರು. ಈಗ ಸಾಮಾನ್ಯವಾಗಿ ಸೆಕೆಂಡಿಗೆ 13ರಿಂದ 30 ಸಲ ಏರಿಳಿಯುವುದನ್ನು ಬೀಟಾ ಎಂದು ಕರೆಯುತ್ತಾರೆ. 1949ರಲ್ಲಿ ಹರ್ಬರ್ಟ್ ಜಾಸ್ಪರ್ ಮತ್ತು ವೈಲ್ಡರ್ ಪೆನ್‌ಫೀಲ್ಡ್ ಒಂದು ಮುಖ್ಯ ಸಂಗತಿ ತೋರಿಸಿದರು. ಕೈಕಾಲು ಆಡಿಸುವ ಮಿದುಳಿನ ಭಾಗದಲ್ಲಿ ಈ ಬೀಟಾ ಇರುತ್ತದೆ, ಮತ್ತು ಕೈ ಆಡಿಸಲು ಹೊರಟಾಗ ಅದು ಅಡಗುತ್ತದೆ.

ಮುಂದಿನದ್ದೆಲ್ಲ ಈ ಒಂದು ಮಾತಿನಿಂದಲೇ ಬೆಳೆದದ್ದು. ನೀವು ಎದುರಿನ ಚಹಾ ಲೋಟ ಎತ್ತಿಕೊಳ್ಳಬೇಕು ಅಂದುಕೊಳ್ಳಿ. ಕೈ ಅಲ್ಲಾಡುವ ಮೊದಲೇ, ಸುಮಾರು ಒಂದು ಸೆಕೆಂಡ್ ಮುಂಚಿನಿಂದಲೇ ಬೀಟಾ ಕುಗ್ಗತೊಡಗುತ್ತದೆ. ಕೈ ಚಲಿಸುವಷ್ಟು ಹೊತ್ತೂ ಅದು ಕೆಳಗೇ ಇರುತ್ತದೆ. ಚಲನೆ ಮುಗಿಯಿತೋ ಇಲ್ಲವೋ, ಬೀಟಾ ಮೊದಲಿಗಿಂತ ಜೋರಾಗಿ ಮೇಲೇಳುತ್ತದೆ. ಲೋಟವನ್ನು ಅಲ್ಲಾಡದ ಹಾಗೆ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಬೀಟಾ ಚೆನ್ನಾಗಿ ಕಾಣುತ್ತದೆ. ಆಗ ಮಿದುಳಿನ ಬೀಟಾ ಮತ್ತು ಕೈಯ ಸ್ನಾಯುವಿನ ವಿದ್ಯುತ್ ಮಿಡಿತ ಎರಡೂ ಒಂದೇ ಲಯದಲ್ಲಿ ಸಾಗುವುದನ್ನೂ ಅಳೆದಿದ್ದಾರೆ. ಕೈ ಆಡಿಸದೆ ಬರೀ ಮನಸ್ಸಿನಲ್ಲಿ ಆಡಿಸಿದಂತೆ ಕಲ್ಪಿಸಿಕೊಂಡರೂ ಬೀಟಾ ಇಳಿಯುತ್ತದೆ.

ಇದನ್ನೆಲ್ಲ ಒಟ್ಟಿಗೆ ನೋಡಿ ಆಂಡ್ರಿಯಾಸ್ ಎಂಗೆಲ್ ಮತ್ತು ಪಾಸ್ಕಲ್ ಫ್ರೀಸ್ 2010ರಲ್ಲಿ ಒಂದು ವಿಚಾರ ಮುಂದಿಟ್ಟರು. ಬೀಟಾ ಅಂದರೆ 'ಈಗ ಇದ್ದದ್ದು ಇದ್ದ ಹಾಗೇ ಇರಲಿ' ಅನ್ನುವ ಸೂಚನೆ ಇರಬಹುದು ಎಂದು. ಇದ್ದ ಭಂಗಿ, ಹಿಡಿದ ಹಿಡಿತ, ಮನಸ್ಸಿನಲ್ಲಿರುವ ವಿಷಯ, ಎಲ್ಲಕ್ಕೂ ಅದೇ ಮಾತು. ಎಲ್ಲ ವಿಜ್ಞಾನಿಗಳೂ ಇದನ್ನು ಪೂರ್ತಿ ಒಪ್ಪಿಲ್ಲ. ಆದರೆ ಪಾರ್ಕಿನ್ಸನ್ ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಸಹಾಯವಾಗುವ ವಿಚಾರ ನನಗೆ ಕಂಡಿಲ್ಲ.

ಪಾರ್ಕಿನ್ಸನ್‌ನಲ್ಲಿ ಮಿದುಳಿನ ಬುಡದ ಒಂದು ಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು ಸಾಯುತ್ತಾ ಹೋಗುತ್ತವೆ. ಚಲನೆ ಶುರು ಮಾಡಲು, ಅದರ ವೇಗ ಮತ್ತು ಅಳತೆ ಸರಿಯಾಗಿ ಇಡಲು ಡೋಪಮಿನ್ ಬೇಕು. ಈ ಕೋಶಗಳನ್ನು ಮತ್ತೆ ಬೆಳೆಸಲು ಮಾಮೂಲಿ ಚಿಕಿತ್ಸೆಯಲ್ಲಿ ದಾರಿ ಇಲ್ಲ. ಆದರೆ ಮಾತ್ರೆಯಾಗಿ ಲೆವೊಡೋಪಾ ಕೊಟ್ಟರೆ ಮಿದುಳು ಅದರಿಂದ ಡೋಪಮಿನ್ ಮಾಡಿಕೊಳ್ಳುತ್ತದೆ. 1960ರ ದಶಕದಿಂದ ಇದೇ ಮುಖ್ಯ ಔಷಧ. ಮಾತ್ರೆ ಸಾಲದೆ ಹೋದಾಗ ಇನ್ನೊಂದು ದಾರಿ ಡಿಬಿಎಸ್ (ಡೀಪ್ ಬ್ರೇನ್ ಸ್ಟಿಮ್ಯುಲೇಷನ್) ಎಂಬ ಶಸ್ತ್ರಚಿಕಿತ್ಸೆ. ಮಿದುಳಿನ ಆಳದಲ್ಲಿ ಒಂದು ಸೆಂಟಿಮೀಟರ್ ಆಸುಪಾಸಿನ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಜಾಗವಿದೆ. ಅಲ್ಲಿಗೆ ತೆಳುವಾದ ತಂತಿ ಇಳಿಸಿ, ಎದೆಯ ಬಳಿ ಬ್ಯಾಟರಿ ಕೂರಿಸಿ, ಸೆಕೆಂಡಿಗೆ ಸುಮಾರು 130 ಸಲ ಕರೆಂಟ್ ಮಿಡಿತ ಕೊಡುತ್ತಾರೆ. ಹೆಚ್ಚು ವೇಗದ ಮಿಡಿತ ಕೊಟ್ಟು ಮಿದುಳಿನ ಆಳವನ್ನು ಪ್ರಚೋದಿಸುವ ಈ ಪದ್ಧತಿ ಬೆಳೆದದ್ದು 1987ರಿಂದ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ, ಅಲಿಮ್ ಲೂಯಿ ಬೆನಬಿಡ್ ಅವರ ಕೈಯಲ್ಲಿ.

ಈ ಶಸ್ತ್ರಚಿಕಿತ್ಸೆಯೇ ಬೀಟಾ ಸಂಶೋಧನೆಗೆ ಬಾಗಿಲು ತೆರೆಯಿತು. ತಂತಿ ಇಳಿಸಿದ ಮೇಲೆ ಬ್ಯಾಟರಿ ಜೋಡಿಸುವ ಮುಂಚೆ ಕೆಲವು ದಿನ ಅದರ ತುದಿ ಹೊರಗೇ ಇರುತ್ತಿತ್ತು. ಆ ತಂತಿಯಿಂದ ಕರೆಂಟ್ ಕೊಡುವ ಬದಲು, ಅದರ ಮೂಲಕ ಮಿದುಳಿನ ಸದ್ದು ಕೇಳಬಹುದಲ್ವಾ? ಲಂಡನ್ನಿನ ಪೀಟರ್ ಬ್ರೌನ್ ಮತ್ತು ಸಂಗಡಿಗರು ಅದನ್ನೇ ಮಾಡಿದರು. 2001ರಲ್ಲಿ ಅವರು ಪ್ರಕಟಿಸಿದ ವಿವರ ಸ್ಪಷ್ಟವಾಗಿತ್ತು. ಮಾತ್ರೆ ನಿಲ್ಲಿಸಿದ್ದಾಗ, ರೋಗಿ ಬಿಗಿದು ನಿಧಾನವಾಗಿದ್ದಾಗ, ಆ ಜಾಗದಲ್ಲಿ ಬೀಟಾ ಎದ್ದು ಕಾಣುತ್ತಿತ್ತು. ಲೆವೊಡೋಪಾ ಕೊಟ್ಟ ಮೇಲೆ ಅದು ಇಳಿಯಿತು, ಬದಲಿಗೆ ಸೆಕೆಂಡಿಗೆ 70ರ ಆಸುಪಾಸಿನ ವೇಗದ ಅಲೆ ಕಾಣಿಸಿಕೊಂಡಿತು. ಮುಂದಿನ ವರ್ಷಗಳಲ್ಲಿ ಇನ್ನೊಂದು ಸಂಗತಿ ಗಟ್ಟಿಯಾಯಿತು. ಮಾತ್ರೆಯಿಂದ ಬೀಟಾ ಎಷ್ಟು ಇಳಿಯುತ್ತದೋ ನಿಧಾನ ಮತ್ತು ಬಿಗಿತ ಅಷ್ಟು ಕಡಿಮೆಯಾಗುತ್ತವೆ. ನಡುಕಕ್ಕೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಪಾರ್ಕಿನ್ಸನ್ ನಡುಕ ಸೆಕೆಂಡಿಗೆ 4ರಿಂದ 6 ಸಲ ಬರುತ್ತದೆ. ಅದರ ದಾರಿಯೇ ಬೇರೆ.

ಅದಕ್ಕೇ ನಾನು ಮೊದಲು ನಡುಕದ ಮಾತೆತ್ತಿದ್ದು. ನಾವು ಕಾಯುತ್ತಾ ಕೂರುವ ಲಕ್ಷಣ ಒಂದು, ಮಿದುಳಿನ ಬೀಟಾ ತೋರಿಸುವ ಲಕ್ಷಣ ಇನ್ನೊಂದು.

ಶಿರಸಿ ಸೀಮೆಯಲ್ಲಿ ಅಡಿಕೆ ಕೊನೆ ಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುವವರ ಕೈ ಗಮನಿಸಿ. ಅಡಿಕೆಯನ್ನು ಕತ್ತಿಗೆ ಒತ್ತಬೇಕು, ಸಿಪ್ಪೆ ಎಬ್ಬಿಸಬೇಕು, ತಿರುಗಿಸಬೇಕು, ಮತ್ತೆ ಒತ್ತಬೇಕು. ಒಂದರ ಹಿಂದೆ ಒಂದು, ನೂರಾರು ಸಲ ಅದೇ ಕೆಲಸ. ಪಾರ್ಕಿನ್ಸನ್ ಶುರುವಾದವರಲ್ಲಿ ಮೊದಲ ನಾಲ್ಕಾರು ಅಡಿಕೆ ಚೆನ್ನಾಗಿಯೇ ಸುಲಿಯುತ್ತದೆ. ಆಮೇಲೆ ಕೈ ತಿರುವು ಸಣ್ಣದಾಗುತ್ತಾ ಬರುತ್ತದೆ. ಇನ್ನೂ ಸ್ವಲ್ಪ ಹೊತ್ತಿಗೆ ನಿಧಾನ. ಕಡೆಗೆ ಕೈ ಒಂದು ಕ್ಷಣ ನಿಂತೇಬಿಡುತ್ತದೆ. ಪಕ್ಕದವರ ಬುಟ್ಟಿ ತುಂಬಿದರೂ ಇವರದ್ದು ಅರ್ಧಕ್ಕೇ ಇರುತ್ತದೆ. ನರರೋಗ ತಜ್ಞರು ಹೆಬ್ಬೆರಳಿಗೆ ತೋರುಬೆರಳನ್ನು ದೊಡ್ಡದಾಗಿ, ಬೇಗ ಬೇಗ ತಟ್ಟಿಸಿ ನೋಡುವುದು ಇದನ್ನೇ. ತಟ್ಟುತ್ತಾ ತಟ್ಟುತ್ತಾ ಬೆರಳುಗಳ ನಡುವಿನ ಅಂತರ ಕಿರಿದಾಗುತ್ತಾ ಹೋಗುತ್ತದಾ ಎಂದು ನೋಡುತ್ತಾರೆ. ಸಹಿಯೂ ಹಾಗೆಯೇ. ಮೊದಲ ಅಕ್ಷರ ಸರಿಯಾಗಿದ್ದು, ಹೋಗ್ತಾ ಹೋಗ್ತಾ ಇರುವೆ ಸಾಲಾಗುತ್ತದೆ. ಸೊಸೈಟಿಯಲ್ಲಿ ಸಹಿ ಹೊಂದುತ್ತಿಲ್ಲ ಎಂದು ವಾಪಸ್ ಕಳಿಸಿದಾಗ ಮನೆಯವರಿಗೆ ಮೊದಲ ಸಲ ಅನುಮಾನ ಬಂದ ಉದಾಹರಣೆಗಳನ್ನು ನಾನು ಕೇಳಿದ್ದೇನೆ.

ಹಾಗಾದರೆ ಬೀಟಾ ಕೆಟ್ಟದ್ದಾ? ಅಲ್ಲ. ಎಲ್ಲರ ಮಿದುಳಿನಲ್ಲೂ ಅದು ಇದೆ, ಇರಲೇಬೇಕು. ಹಿಂದೆ ಇದನ್ನು ಎಡೆಬಿಡದೆ ಹರಿಯುವ ಅಲೆ ಎಂದುಕೊಂಡಿದ್ದರು. ಅನೇಕ ಸಲದ ದಾಖಲೆಗಳನ್ನು ಒಟ್ಟು ಸೇರಿಸಿ ಸರಾಸರಿ ತೆಗೆದಾಗ ಅದು ಹಾಗೇ ಕಾಣುತ್ತದೆ. ಒಂದೊಂದನ್ನೇ ಬಿಡಿಸಿ ನೋಡಿದರೆ ಬೀಟಾ ಬರುವುದು ತುಣುಕು ತುಣುಕಾಗಿ. ಸೆಕೆಂಡಿನ ಒಂದು ಸಣ್ಣ ಪಾಲು ಏಳುತ್ತದೆ, ಆರಿಹೋಗುತ್ತದೆ, ಮತ್ತೆ ಏಳುತ್ತದೆ. 2017ರಲ್ಲಿ ಗೆರ್ಡ್ ಟಿಂಕ್‌ಹೌಸರ್ ಮತ್ತು ಸಂಗಡಿಗರು ಪಾರ್ಕಿನ್ಸನ್ ರೋಗಿಗಳಲ್ಲಿ ಈ ತುಣುಕುಗಳ ಉದ್ದ ಅಳೆದರು. ಉದ್ದದ ತುಣುಕುಗಳು ಜಾಸ್ತಿ ಇದ್ದಷ್ಟೂ ಚಲನೆಯ ತೊಂದರೆ ಜಾಸ್ತಿ. ಲೆವೊಡೋಪಾ ತೆಗೆದುಕೊಂಡಾಗ ತುಣುಕುಗಳು ಗಿಡ್ಡವಾದವು. ಅಂದರೆ ಬೀಟಾ ಏಳುವುದು ತೊಂದರೆಯಲ್ಲ. ಎದ್ದದ್ದು ಬೇಗ ಬಿಡದಿರುವುದು ತೊಂದರೆ. 'ಇದ್ದ ಹಾಗೇ ಇರಲಿ' ಅನ್ನುವ ಸೂಚನೆ ಗಂಟುಬಿದ್ದಿರುವಾಗಲೇ ಕಾಲೆತ್ತಲು ಹೋದರೆ ಕಾಲು ಏಳುವುದಾದರೂ ಹೇಗೆ?

ಇಲ್ಲಿ ಒಂದು ಎಚ್ಚರಿಕೆ ಬೇಕು. ಜೊತೆಯಲ್ಲಿ ಕಾಣುವುದೆಲ್ಲ ಕಾರಣವಾಗಿರುವುದಿಲ್ಲ. 2009ರಲ್ಲಿ ಆರೋಗ್ಯವಂತರ ತಲೆಯ ಮೇಲೆ ಸೆಕೆಂಡಿಗೆ 20 ಸಲ ಏರಿಳಿಯುವ ಸಣ್ಣ ಕರೆಂಟ್ ಹಾಯಿಸಿ ನೋಡಿದಾಗ ಅವರ ಕೈ ಚಲನೆ ಸ್ವಲ್ಪ ನಿಧಾನವಾಯಿತು. ಇದು ಬೀಟಾ ಕಾರಣ ಅನ್ನುವವರಿಗೆ ಬಲ ಕೊಟ್ಟಿತು. ಆದರೆ ಆ ನಿಧಾನ ತೀರಾ ಕಡಿಮೆ, ಪಾರ್ಕಿನ್ಸನ್ ನಿಧಾನದ ಹತ್ತಿರಕ್ಕೂ ಬರುವುದಿಲ್ಲ. ಇನ್ನೊಂದು ಕಡೆ, 2007ರಲ್ಲಿ ಮಂಗಗಳಲ್ಲಿ ಡೋಪಮಿನ್ ಅನ್ನು ಹಂತಹಂತವಾಗಿ ಕಡಿಮೆ ಮಾಡಿ ನೋಡಿದಾಗ ಚಲನೆಯ ತೊಂದರೆ ಮೊದಲು ಕಾಣಿಸಿತು, ಕೋಶಗಳು ಒಟ್ಟಿಗೆ ಏರಿಳಿಯುವುದು ಆಮೇಲೆ ಶುರುವಾಯಿತು. ನನಗೆ ತೋಚುವುದು ಇಷ್ಟು. ರೋಗದ ಬೇರು ಡೋಪಮಿನ್ ಕೊರತೆಯಲ್ಲೇ ಇದೆ. ಬೀಟಾ ಆ ಕೊರತೆಯಿಂದ ಹುಟ್ಟಿ, ಆಮೇಲೆ ತಾನೂ ತೊಂದರೆಗೆ ಕೈಜೋಡಿಸುತ್ತದೆ. ಬೇರು ಕೀಳಲು ಆಗದಿದ್ದರೂ, ರೋಗದ ಏರಿಳಿತ ತೋರಿಸುವ ಗುರುತಾಗಿ ಬೀಟಾ ತುಂಬಾ ಬೆಲೆಯುಳ್ಳದ್ದು.

ಹೊಸ ಯಂತ್ರ ಕೆಲಸ ಮಾಡುವುದು ಇದೇ ಗುರುತಿನ ಮೇಲೆ. ಹಳೆಯ ಡಿಬಿಎಸ್ ಹಗಲೂ ರಾತ್ರಿ ಒಂದೇ ಪ್ರಮಾಣದಲ್ಲಿ ಕರೆಂಟ್ ಕೊಡುತ್ತದೆ. ರೋಗಿಯ ದಿನ ಒಂದೇ ತರ ಇರುವುದಿಲ್ಲವಲ್ಲ. ಮಾತ್ರೆ ಹಿಡಿದಾಗ ಒಂದು ಸ್ಥಿತಿ, ಇಳಿದಾಗ ಇನ್ನೊಂದು. ಮಾತ್ರೆಯೂ ಕರೆಂಟೂ ಒಟ್ಟಿಗೆ ಜಾಸ್ತಿಯಾದಾಗ ಕೈಕಾಲು ಬೇಡದ ಹಾಗೆ ಹೊಯ್ದಾಡುತ್ತವೆ, ಮಾತು ತೊದಲುತ್ತದೆ. 2013ರಲ್ಲಿ ಸೈಮನ್ ಲಿಟಲ್, ಪೀಟರ್ ಬ್ರೌನ್ ಮುಂತಾದವರು ಎಂಟು ರೋಗಿಗಳಲ್ಲಿ ಬೇರೆ ದಾರಿ ಹಿಡಿದರು. ಬೀಟಾ ಎದ್ದಾಗ ಮಾತ್ರ ಕರೆಂಟ್ ಕೊಟ್ಟರು. ಮೊದಲಿನ ಅರ್ಧಕ್ಕಿಂತ ಕಡಿಮೆ ಹೊತ್ತು ಕರೆಂಟ್ ಕೊಟ್ಟರೆ ಸಾಕಾಯಿತು. ಚಲನೆ ಸದಾ ಕರೆಂಟ್ ಕೊಟ್ಟಾಗಿನದಕ್ಕಿಂತಲೂ ಚೆನ್ನಾಗಿತ್ತು. ಅದು ಕೆಲವೇ ರೋಗಿಗಳ ಮೇಲೆ, ಸ್ವಲ್ಪ ಹೊತ್ತು ಮಾಡಿದ ಪ್ರಯೋಗ. ಅಲ್ಲಿಂದ ಮನೆಯಲ್ಲಿ ದಿನವಿಡೀ ಓಡುವ ಯಂತ್ರಕ್ಕೆ ಎಫ್‌ಡಿಎ ಒಪ್ಪಿಗೆ ಸಿಗಲು ಹನ್ನೆರಡು ವರ್ಷ ಹಿಡಿಯಿತು. ಈ ಯಂತ್ರಕ್ಕೂ ಮಿತಿಗಳಿವೆ. ಎಲ್ಲರ ಮಿದುಳಿನಲ್ಲೂ ಸ್ಪಷ್ಟವಾದ ಬೀಟಾ ಸಿಗುವುದಿಲ್ಲ. ನಿದ್ದೆಯಲ್ಲಿ ಅದು ಬದಲಾಗುತ್ತದೆ. ನಡುಕವೇ ಮುಖ್ಯ ತೊಂದರೆಯಾಗಿರುವವರಿಗೆ ಬೀಟಾ ಸರಿಯಾದ ಗುರುತಲ್ಲ. 2024ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಂದು ತಂಡ ನಾಲ್ಕು ರೋಗಿಗಳಲ್ಲಿ ಬೀಟಾ ಬದಲು ಮುಖ್ಯವಾಗಿ, ಅದಕ್ಕಿಂತ ವೇಗದ ಗಾಮಾ ಅಲೆಯನ್ನು ಗುರುತಾಗಿ ಬಳಸಿ ಒಳ್ಳೆಯ ಫಲ ಕಂಡಿತು. ಹಾಗಾಗಿ ಇದು ಮುಗಿದ ಕಥೆಯಲ್ಲ.

ಇಷ್ಟು ಹೊತ್ತು ಕೈಕಾಲಿನ ಮಾತಾಯಿತು. ಯೋಚನೆಯಲ್ಲೂ ಬೀಟಾಕ್ಕೆ ಪಾಲಿದೆ. ಒಂದು ಫೋನ್ ನಂಬರ್ ಕೇಳಿ, ಬರೆದುಕೊಳ್ಳುವ ತನಕ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇವಲ್ಲ, ಆ ತರದ ನೆನಪಿನ ಬಗ್ಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅರ್ಲ್ ಮಿಲ್ಲರ್, ಮಿಕಾಯೆಲ್ ಲುಂಡ್‌ಕ್ವಿಸ್ಟ್ ಮುಂತಾದವರು ಮಂಗಗಳಲ್ಲಿ ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಹೊಸ ವಿಷಯ ಒಳಗೆ ತೆಗೆದುಕೊಳ್ಳುವಾಗ ಗಾಮಾ ತುಣುಕುಗಳು ಏಳುತ್ತವೆ, ಬೀಟಾ ತಗ್ಗುತ್ತದೆ. ನೆನಪನ್ನು ಹೊರತೆಗೆಯುವಾಗಲೂ ಹಾಗೆಯೇ. ನಡುವಿನ ಕಾಯುವ ಹೊತ್ತಿನಲ್ಲಿ ಬೀಟಾ ಮತ್ತೆ ಬರುತ್ತದೆ. ಶುರು ಮಾಡಿದ ಕೆಲಸವನ್ನು ಥಟ್ಟನೆ ತಡೆಯಬೇಕಾದಾಗಲೂ ಬೀಟಾ ಏಳುತ್ತದೆ. ರಸ್ತೆ ದಾಟಲು ಕಾಲೆತ್ತಿದಾಗ ಬಸ್ಸು ಕಂಡು ನಿಲ್ಲುತ್ತೇವಲ್ಲ, ಅಂಥ ತಡೆಯನ್ನು ಪ್ರಯೋಗದಲ್ಲಿ ಮಾಡಿಸಿದಾಗ ಮಿದುಳಿನ ಬಲಮುಂಭಾಗದಲ್ಲಿ ಬೀಟಾ ಏರಿದ್ದನ್ನು 2009ರಲ್ಲಿ ತೋರಿಸಿದ್ದಾರೆ.

ಪಾರ್ಕಿನ್ಸನ್ ಇರುವವರ ಮನೆಯವರಿಗೆ ಇದು ಬರೀ ಕುತೂಹಲದ ವಿಷಯವಲ್ಲ. ಒಂದು ಮಾತಿನಿಂದ ಇನ್ನೊಂದಕ್ಕೆ ಹೊರಳಲು, ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯಲು ರೋಗಿಗಳಿಗೆ ಹೊತ್ತು ಬೇಕು. ಕೇಳಿದ ಪ್ರಶ್ನೆಗೆ ಉತ್ತರ ಬರುವ ಮೊದಲೇ ನಾವು ಇನ್ನೊಂದು ಪ್ರಶ್ನೆ ಎಸೆಯುತ್ತೇವೆ, ಅವರು ಸುಮ್ನೆ ಇದ್ದುಬಿಡುತ್ತಾರೆ. ಅದನ್ನು ಮರೆವು ಎಂದು ತಪ್ಪು ತಿಳಿಯುವುದು ಸಾಮಾನ್ಯ. ಇದರ ಇನ್ನೊಂದು ಮಗ್ಗುಲೂ ಇದೆ. ತಡೆಯನ್ನು ಸಡಿಲಿಸುವ ಚಿಕಿತ್ಸೆ, ತಡೆ ಬೇಕಾದ ಕಡೆಯೂ ಅದನ್ನು ಸಡಿಲಿಸಬಹುದು. ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ನಲ್ಲಿ ಡಿಬಿಎಸ್ ಇರುವವರು ಕಷ್ಟದ ಆಯ್ಕೆ ಎದುರಾದಾಗ ನಿಂತು ಯೋಚಿಸದೆ ಬೇಗ ನಿರ್ಧಾರ ಮಾಡಿಬಿಡುತ್ತಾರೆ ಎಂದು ಮೈಕೆಲ್ ಫ್ರಾಂಕ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಪಾರ್ಕಿನ್ಸನ್‌ಗೆ ಕೊಡುವ ಕೆಲವು ಮಾತ್ರೆಗಳು, ಮುಖ್ಯವಾಗಿ ಡೋಪಮಿನ್‌ನಂತೆಯೇ ಕೆಲಸ ಮಾಡುವ ಡೋಪಮಿನ್ ಅಗೊನಿಸ್ಟ್ ಗುಂಪಿನವು, ಕೆಲವರಲ್ಲಿ ಜೂಜಿನ ಚಟ, ವಿಪರೀತ ಖರೀದಿಯಂಥ ತೊಂದರೆ ತರುತ್ತವೆ. ನಾಚಿಕೆಯಿಂದ ಮನೆಯೊಳಗೇ ಮುಚ್ಚಿಡುವ ಸಂಗತಿ ಇದು. ಡಾಕ್ಟರಿಗೆ ಹೇಳಿದರೆ ಮಾತ್ರೆ ಬದಲಿಸುತ್ತಾರೆ. ದಯವಿಟ್ಟು ಹೇಳಿ.

ತಾಳಕ್ಕೂ ಬೀಟಾಕ್ಕೂ ಇರುವ ನಂಟನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 2012ರ ಒಂದು ಅಧ್ಯಯನದಲ್ಲಿ ಜನ ಅಲ್ಲಾಡದೆ ಕೂತು ಬರೀ ತಾಳದ ಪೆಟ್ಟು ಕೇಳಿದರು. ಪ್ರತಿ ಪೆಟ್ಟಿನ ನಂತರ ಬೀಟಾ ಇಳಿಯಿತು. ಮುಂದಿನ ಪೆಟ್ಟು ಬೀಳುವ ಹೊತ್ತಿಗೆ ಸರಿಯಾಗಿ ಮತ್ತೆ ಏರಿತು. ಮಿದುಳು ಮುಂದಿನ ಪೆಟ್ಟನ್ನು ಕಾಯುತ್ತಿತ್ತು. ಪಾರ್ಕಿನ್ಸನ್ ರೋಗಿಗಳಿಗೆ ಒಂದೇ ಲಯದ ಸದ್ದು ಕೇಳಿಸಿ ನಡೆಸಿದರೆ ಹೆಜ್ಜೆ ಉದ್ದವಾಗುತ್ತದೆ, ವೇಗ ಹೆಚ್ಚುತ್ತದೆ ಎಂಬುದು 1990ರ ದಶಕದಿಂದಲೇ ಗೊತ್ತು. ಬಾಗಿಲ ಬಳಿ ಕಾಲು ನೆಲಕ್ಕೆ ಅಂಟಿದಂತೆ ನಿಂತವರೂ ನೆಲದ ಮೇಲೆ ಅಡ್ಡಗೆರೆ ಕಂಡರೆ ದಾಟಿಬಿಡುತ್ತಾರೆ. ಹೊನ್ನಾವರ, ಕುಮಟಾ ಕಡೆಯ ಹಿರಿಯರ ಕಿವಿಯಲ್ಲಿ ಯಕ್ಷಗಾನದ ತಾಳ, ಮದ್ದಳೆ, ಚಂಡೆ ಚಿಕ್ಕಂದಿನಿಂದ ಕೂತಿದೆ. ನಮ್ಮ ಫಿಸಿಯೋಥೆರಪಿಸ್ಟ್‌ಗಳು ಮೆಟ್ರೊನೋಮ್ ಎಂಬ ಲಯಯಂತ್ರದ ಟಿಕ್ ಟಿಕ್ ಬದಲು ಅವರಿಗೆ ಗೊತ್ತಿರುವ ತಾಳವನ್ನೇ ಹದವಾದ ವೇಗದಲ್ಲಿ ಬಳಸಿ ನೋಡಬೇಕು ಎಂಬುದು ನನ್ನ ಆಸೆ. ಇದಕ್ಕೆ ಹೆಚ್ಚು ಖರ್ಚಿಲ್ಲ. ಬೀಳದಂತೆ ಪಕ್ಕದಲ್ಲಿ ಒಬ್ಬರು ಇರಬೇಕು, ಅಷ್ಟೇ.

ಇನ್ನು 'ಬೀಟಾ ವೇವ್ ಮ್ಯೂಸಿಕ್ ಕೇಳಿ, ಬುದ್ಧಿ ಚುರುಕಾಗುತ್ತದೆ' ಎಂದು ಯೂಟ್ಯೂಬಿನಲ್ಲಿ ಬರುವ ವಿಡಿಯೊಗಳು, ತಲೆಗೆ ಕಟ್ಟಿಕೊಳ್ಳುವ ಪಟ್ಟಿಗಳು. ಇವುಗಳಿಗೆ ದುಡ್ಡು ಹಾಕಬೇಡಿ. ಬೀಟಾ ಜಾಸ್ತಿಯಾದರೆ ಒಳ್ಳೆಯದು ಅನ್ನುವ ಮಾತಿಗೇ ಅರ್ಥವಿಲ್ಲ ಎಂಬುದು ಇಷ್ಟರಲ್ಲಿ ಗೊತ್ತಾಗಿರಬೇಕು. ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ನಸುಗುನ್ನಿ ವಿಷಯವೂ ಅಷ್ಟೇ ಮುಖ್ಯ. ಮೈಗೆ ತಗುಲಿದರೆ ತುರಿಸಿ ಸಾಯಿಸುವ ಈ ಬಳ್ಳಿ ನಮ್ಮ ಬೇಲಿ, ಬೆಟ್ಟಗಳಲ್ಲಿ ಬೇಕಾದಷ್ಟಿದೆ. ಅದರ ಬೀಜದಲ್ಲಿ ನಿಜಕ್ಕೂ ಲೆವೊಡೋಪಾ ಇದೆ. ಅದನ್ನು 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದ್ದರು. ಆದರೆ ಒಂದೊಂದು ಬೀಜದಲ್ಲಿ ಪ್ರಮಾಣ ಒಂದೊಂದು ತರ. ಮಾತ್ರೆ ತೆಗೆದುಕೊಳ್ಳುತ್ತಲೇ ಡಾಕ್ಟರಿಗೆ ತಿಳಿಸದೆ ಇದರ ಪುಡಿಯನ್ನೂ ತಿಂದರೆ ಲೆಕ್ಕ ತಪ್ಪುತ್ತದೆ. ಬಿಪಿ ಇಳಿಯಬಹುದು, ಕೈಕಾಲು ಹೊಯ್ದಾಡಬಹುದು. ಕರಾವಳಿಯವರಿಗೆ ಇನ್ನೊಂದು ಮಾತು. ಮೀನು, ಮೊಟ್ಟೆ, ಬೇಳೆಯ ಪ್ರೋಟೀನ್ ಲೆವೊಡೋಪಾ ಒಳಸೇರುವುದಕ್ಕೆ ಅಡ್ಡ ಬರುತ್ತದೆ. ಮೀನು ಬಿಡಬೇಕಾಗಿಲ್ಲ. ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬಹುದಾ ಎಂದು ಡಾಕ್ಟರನ್ನು ಕೇಳಿ.

ಕಡೆಗೆ ನಮ್ಮ ಜಿಲ್ಲೆಯ ಮಾತು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ವರ್ಷಗಳಿಂದ ಇದೆ. ಅಪಘಾತ, ಹೃದಯಾಘಾತದ ರೋಗಿಗಳು ದಾರಿಯಲ್ಲೇ ಪ್ರಾಣ ಬಿಟ್ಟಾಗ ಆ ಕೂಗು ಜೋರಾಗುತ್ತದೆ, ಆಗಲೇಬೇಕು. ಪಾರ್ಕಿನ್ಸನ್ ಹಾಗೆ ಸುದ್ದಿಯಾಗುವ ರೋಗವಲ್ಲ. ಇದಕ್ಕೆ ಬೇಕಾದದ್ದು ಹತ್ತಾರು ವರ್ಷ, ಕೆಲವು ತಿಂಗಳಿಗೊಮ್ಮೆ, ನರರೋಗ ತಜ್ಞರ ಭೇಟಿ. ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳದವರು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ, ಬಹಳವಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುತ್ತಾರೆ. ರಾತ್ರಿ ಬಸ್ಸಿನಲ್ಲಿ ಮಗ್ಗುಲು ಬದಲಿಸಲೂ ಕಷ್ಟಪಡುವ ಹಿರಿಯರಿಗೆ ಈ ಪ್ರಯಾಣವೇ ಒಂದು ಶಿಕ್ಷೆ. ಡಿಬಿಎಸ್‌ಗೆ ಹಲವು ಲಕ್ಷ ರೂಪಾಯಿ ಖರ್ಚಿದೆ. ಅದು ಎಲ್ಲರಿಗೂ ಬೇಕಾಗುವುದೂ ಇಲ್ಲ, ಹೊಂದುವುದೂ ಇಲ್ಲ. ಹಾಕಿಸಿಕೊಂಡವರು ಸೆಟ್ಟಿಂಗ್ ಸರಿ ಮಾಡಿಸಲು ಮತ್ತೆ ಮತ್ತೆ ಹೋಗಬೇಕು. ದೂರದಿಂದಲೇ ಸೆಟ್ಟಿಂಗ್ ಬದಲಿಸುವ ಯಂತ್ರಗಳೂ ಈಗ ಬಂದಿವೆ. ಡಿಬಿಎಸ್ ಮಾಡಿಸುವ ಯೋಚನೆ ಇದ್ದವರು ಇದನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ಬೀಟಾ ಕೇಳುವ ಯಂತ್ರ ಜಿಲ್ಲೆಗೆ ಬರುವುದಕ್ಕೆ ಮುಂಚೆ ಬರಬೇಕಾದದ್ದು ಬೇರೆ ಇದೆ. ತಾಲೂಕು ಆಸ್ಪತ್ರೆಗಳಿಗೆ ತಿಂಗಳಿಗೊಮ್ಮೆಯಾದರೂ ನರರೋಗ ತಜ್ಞರು ಬರಬೇಕು. ನಡುವಿನ ದಿನಗಳಲ್ಲಿ ವಿಡಿಯೊ ಕರೆಯಲ್ಲಿ ಸಿಗಬೇಕು. ಆಶಾ ಕಾರ್ಯಕರ್ತೆಯರಿಗೆ ಬೆರಳು ತಟ್ಟಿಸಿ ನೋಡುವುದನ್ನು ಹೇಳಿಕೊಡಬೇಕು. ಅದಕ್ಕೆ ಯಂತ್ರ ಬೇಡ, ಅರ್ಧ ನಿಮಿಷ ಸಾಕು. ಮನೆಯವರಿಗೂ ಒಂದು ಕೆಲಸವಿದೆ. ಡಾಕ್ಟರ ಹತ್ತಿರ ಹೋಗುವ ಮೊದಲು ಹಿರಿಯರು ನಡೆಯುವುದನ್ನು, ಗುಂಡಿ ಹಾಕುವುದನ್ನು, ಬೆರಳು ತಟ್ಟುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಮಾತ್ರೆ ಶುರುವಾಗಿದ್ದರೆ ತೆಗೆದುಕೊಳ್ಳುವ ಮೊದಲು ಒಂದು, ಒಂದು ಗಂಟೆಯ ನಂತರ ಇನ್ನೊಂದು. ಜೊತೆಗೆ ಮಾತ್ರೆಯ ಹೊತ್ತು, ಊಟದ ಹೊತ್ತು, ಕೈಕಾಲು ಬಿಗಿದ ಹೊತ್ತು ಒಂದು ಹಾಳೆಯಲ್ಲಿ ಬರೆದಿಡಿ. ಎರಡು ವರ್ಷ ಹಳೆಯ ಸಹಿಯ ಪಕ್ಕದಲ್ಲಿ ಇವತ್ತಿನ ಸಹಿ ಹಾಕಿಸಿ, ಅದನ್ನೂ ತೋರಿಸಿ.